ಹಳದಿ ಪಾಸಿನ ಅಕ್ಕ

“ಇವತ್ತು ಯಾರಿಗೆ ಅಕ್ಕ ನೀವು?” ಅಂತ ಕೇಳಿದಳು ಜಯಮ್ಮ.

ಹೋದ ವಾರದ ಮಾತು. ಹೆರಿಗೆ ವಾರ್ಡಿನ ಗೇಟಿನಲ್ಲಿ ಅವಳು ಸೆಕ್ಯೂರಿಟಿ. ನಾನು ಹಳದಿ ಪಾಸು ತೋರಿಸಿದೆ. ಅವಳು ಅದರ ಕಡೆ ನೋಡಲೂ ಇಲ್ಲ, ನಕ್ಕು ಕಂಬಿ ಸರಿಸಿದಳು. ಹೊರಗೆ ಆಷಾಢದ ಗಾಳಿ ಹೊಂಗೆ ಮರವನ್ನು ಹಿಡಿದು ಅಲ್ಲಾಡಿಸುತ್ತಿತ್ತು. ಒಳಗಿನಿಂದ ಫಿನಾಯಿಲ್ ವಾಸನೆ, ಹೊರಗಿನಿಂದ ಚಾಮುಂಡಿ ಬೆಟ್ಟಕ್ಕೆ ಹೊರಟ ಹೆಂಗಸರ ಮುಡಿಯ ಮಲ್ಲಿಗೆ ವಾಸನೆ. ಈ ಎರಡೂ ಸೇರಿ ಮೂಗಿಗೆ ಬಡಿದರೆ ಸಾಕು, ಕೆಲವು ವರ್ಷಗಳ ಹಿಂದಿನ ಒಂದು ಆಷಾಢ ಇಡಿಯಾಗಿ ಎದ್ದು ಬರುತ್ತದೆ.

ಯಾವ ಆಸ್ಪತ್ರೆ ಅಂತ ಹೇಳುವುದಿಲ್ಲ. ಮೈಸೂರಿನಲ್ಲಿ ಸರ್ಕಾರಿ ಆಸ್ಪತ್ರೆ ಒಂದೇ ಅಲ್ಲ, ಮತ್ತೆ ನಾನು ಹೇಳಹೊರಟಿರುವುದು ದೂರೂ ಅಲ್ಲ. ದೂರು ಕೊಡುವ ಕಾಲಕ್ಕೆ ಸಾಕಷ್ಟು ಕೊಟ್ಟಿದ್ದೇನೆ, ಬಾಯಿ ನನಗೇನೂ ಕಮ್ಮಿ ಇಲ್ಲ.

ನನ್ನ ಅಪ್ಪ ಅಮ್ಮ ಇಬ್ಬರಿಗೂ ಹುಟ್ಟಿನಿಂದ ಕಿವಿ ಕೇಳಿಸುವುದಿಲ್ಲ. ಅಪ್ಪನದು ಸಿದ್ಧಾರ್ಥನಗರದಲ್ಲಿ ಸಣ್ಣ ಟೈಲರ್ ಅಂಗಡಿ. ನಾನು ಬಾಯಲ್ಲಿ ಮಾತು ಕಲಿಯುವುದಕ್ಕೆ ಮುಂಚೆ ಕೈಯಲ್ಲಿ ಕಲಿತವಳು. ನಮ್ಮ ಮನೆಯ ಜಗಳ ಪಕ್ಕದ ಮನೆಗೆ ಕೇಳಿಸುತ್ತಿರಲಿಲ್ಲ ಅಷ್ಟೇ, ಜೋರಿನಲ್ಲಿ ಏನೂ ಕಮ್ಮಿ ಇರಲಿಲ್ಲ. ಅಮ್ಮ ಬೈಯುವಾಗ ನಾನು ಕಣ್ಣು ಮುಚ್ಚಿಕೊಂಡುಬಿಡುತ್ತಿದ್ದೆ, ಆಗ ಬೈಗುಳ ನಿಂತು ಏಟು ಬೀಳುತ್ತಿತ್ತು. ಲಂಗ ಹಾಕುವ ವಯಸ್ಸಿನಲ್ಲೇ ಅಮ್ಮನನ್ನು ಡಾಕ್ಟರ ಹತ್ತಿರ ಕರೆದುಕೊಂಡು ಹೋಗಿ, ಮಕ್ಕಳು ಕೇಳಬಾರದ ಪ್ರಶ್ನೆಗಳನ್ನೆಲ್ಲ ಕೇಳಿ ಹೇಳಿದ್ದೇನೆ. ಹಾಗಾಗಿ ಸಮಾಜಕಾರ್ಯದ ಎಂ.ಎ. ಕೊನೆಯ ವರ್ಷದಲ್ಲಿ ಇಂಟರ್ನ್‌ಶಿಪ್ ಎಲ್ಲಿ ಮಾಡುತ್ತೀಯ ಅಂತ ಕಾಲೇಜಿನವರು ಕೇಳಿದಾಗ ನಾನು ಯೋಚನೆಯನ್ನೇ ಮಾಡಲಿಲ್ಲ. ಸರ್ಕಾರಿ ಆಸ್ಪತ್ರೆ, ಹೆರಿಗೆ ವಾರ್ಡು. ಕಿವಿ ಕೇಳದ ಹೆಂಗಸರು ಬಂದರೆ ಅವರಿಗೂ ಡಾಕ್ಟರಿಗೂ ನಡುವೆ ನಿಂತು ಮಾತು ದಾಟಿಸುತ್ತೇನೆ. ಸಂಬಳ ಬೇಡ, ಬಸ್ಸಿನ ಖರ್ಚೂ ಬೇಡ ಅಂದೆ.

ಬೇಡ ಅಂದದ್ದೇ ತೊಂದರೆಯಾಯಿತು.

ಆಸ್ಪತ್ರೆಯ ಕಚೇರಿಯಲ್ಲಿ ನನ್ನ ಫೈಲು ನೋಡುತ್ತಿದ್ದ ಗುಮಾಸ್ತರು ನಂಜುಂಡಸ್ವಾಮಿ. ಹಣೆ ತುಂಬ ವಿಭೂತಿ, ಮೆತ್ತನೆಯ ಮಾತು, ಕೆಟ್ಟ ಮನುಷ್ಯರಲ್ಲ. “ಸಂಬಳ ತಗೊಳ್ಳೋರಾದ್ರೆ ನಮ್ಗೆ ಸುಲಭ ಕಣಮ್ಮ,” ಅಂದರು ಮೊದಲ ದಿನವೇ. “ತಪ್ಪು ಮಾಡಿದ್ರೆ ಸಂಬಳ ತಡೀಬೋದು, ಇನ್‌ಕ್ರಿಮೆಂಟ್ ತಡೀಬೋದು. ನಿಮ್ದೇನ್ ತಡೀಲಿ? ಹಿಡ್ಕೊಳ್ಳೋಣ ಅಂದ್ರೆ ಜುಟ್ಟೇ ಇಲ್ವಲ್ಲ!”

ಅವರ ಭಯಕ್ಕೂ ಕಾರಣವಿತ್ತು. ಅದಕ್ಕೆ ಹಿಂದಿನ ವರ್ಷ ಸ್ವಯಂಸೇವಕ ಅಂತ ಬಂದ ಒಬ್ಬ ಮಹಾನುಭಾವ ವಾರ್ಡಿನಲ್ಲಿ ಹೆಗ್ಗಣದ ವಿಡಿಯೋ ಮಾಡಿ ಊರಿಗೆಲ್ಲ ಹಂಚಿದ್ದ. ಹೆಗ್ಗಣಕ್ಕೆ ಏನೂ ಆಗಲಿಲ್ಲ, ನೋಟಿಸು ನಂಜುಂಡಸ್ವಾಮಿಯವರಿಗೆ ಬಂತು. ಅವತ್ತಿನಿಂದ ವಾರ್ಡಿನೊಳಗೆ ಯಾರೂ ಫೋನು ಎತ್ತುವ ಹಾಗಿಲ್ಲ, ಪುಕ್ಕಟೆ ಕೆಲಸದವರನ್ನು ಕಂಡರೆ ಅವರು ಎರಡು ಹೆಜ್ಜೆ ಹಿಂದೆ.

ಕಾಲೇಜಿನ ಪತ್ರ ತಂದೆ. ಮುಚ್ಚಳಿಕೆ ತನ್ನಿ ಅಂದರು, ತಂದೆ. ಪೊಲೀಸರಿಂದ ಸನ್ನಡತೆಯ ಪತ್ರ ಬೇಕು ಅಂದರು. ಸ್ಟೇಷನ್ನಿನಲ್ಲಿ ಕೇಳಿದರೆ, ನೀವು ಅಲ್ಲಿ ಕೆಲಸ ಮಾಡುತ್ತೀರಿ ಅಂತ ಮೊದಲು ಆಸ್ಪತ್ರೆಯವರು ಬರೆದುಕೊಡಲಿ ಅಂದರು. ಆಸ್ಪತ್ರೆಯವರು, ಸನ್ನಡತೆ ಬಾರದೆ ಹೇಗೆ ಬರೆದುಕೊಡುವುದು ಅಂದರು. ಹುಚ್ಚು ಬಿಡದೆ ಮದುವೆ ಆಗಲ್ಲ, ಮದುವೆ ಆಗದೆ ಹುಚ್ಚು ಬಿಡಲ್ಲ ಅನ್ನುತ್ತಾರಲ್ಲ, ಥೇಟ್ ಹಾಗೆ. ಕಾಡಿ ಬೇಡಿ, ಒಮ್ಮೆ ಸ್ಟೇಷನ್ನಿನಲ್ಲಿ ಗಂಟಲು ಹರಿಯುವಂತೆ ಕೂಗಾಡಿ ಅದನ್ನೂ ಸಂಪಾದಿಸಿದೆ. ಇನ್ನು ಉಳಿದದ್ದು ಸೂಪರಿಂಟೆಂಡೆಂಟರ ಒಂದು ಸಹಿ. ಅಷ್ಟು ಹೊತ್ತಿಗೆ ಆಷಾಢ ಬಂತು.

ಹಳೆಯ ಸೂಪರಿಂಟೆಂಡೆಂಟರು ನಿವೃತ್ತರಾಗಿದ್ದರು. ಹೊಸಬರಿಗೆ ಆದೇಶವಾಗಿತ್ತು, ಆದರೆ ಅವರು ಆಷಾಢದಲ್ಲಿ ಅಧಿಕಾರ ವಹಿಸಿಕೊಳ್ಳಲು ಒಪ್ಪಲಿಲ್ಲ. ನಡುವೆ ಪ್ರಭಾರದಲ್ಲಿದ್ದ ಡಾಕ್ಟರು ಸಂಬಳದ ಬಿಲ್ಲಿಗೂ ತುರ್ತು ಫೈಲಿಗೂ ಬಿಟ್ಟರೆ ಬೇರೆ ಯಾವುದಕ್ಕೂ ಸಹಿ ಹಾಕುತ್ತಿರಲಿಲ್ಲ.

“ಶ್ರಾವಣ ಬರ್ಲಿ ಬುಡಿ,” ಅಂದರು ನಂಜುಂಡಸ್ವಾಮಿ. “ಆಷಾಢದಲ್ಲಿ ಯಾರಾದ್ರೂ ಹೊಸ ಕುರ್ಚೀಲಿ ಕೂರ್ತಾರಾ?”

“ಹೆರಿಗೆಗಳು ಆಷಾಢ ನೋಡ್ಕೊಂಡು ನಿಲ್ತವಾ ಸಾರ್?”

“ಹೆರಿಗೆಗೆ ಸೈನ್ ಬೇಕಾಗಿಲ್ವಲ್ಲಮ್ಮ.” ನಗದೆಯೇ ಹೇಳಿದರು. ಆಮೇಲೆ ಬೆರಳೆತ್ತಿ, “ನೋಡಿ, ಮೊದ್ಲೇ ಹೇಳ್ಬುಡ್ತೀನಿ. ಆರ್ಡರ್ ಕೈಗೆ ಬರೋವರ್ಗೂ ವಾರ್ಡೊಳಗೆ ಕಾಲಿಟ್ರೆ ಫೈಲ್ ಮುಚ್ಚಾಕ್ತೀನಿ, ಕಾಲೇಜಿಗೂ ಬರೀತೀನಿ. ಆಮೇಲೆ ನನ್ನ ಬೈಕೋಬೇಡಿ,” ಅಂದರು. ಫೈಲು ಮುಚ್ಚಿದರೆ ಇಂಟರ್ನ್‌ಶಿಪ್ ಇಲ್ಲ, ಇಂಟರ್ನ್‌ಶಿಪ್ ಇಲ್ಲದೆ ಡಿಗ್ರಿ ಇಲ್ಲ. ಒಂದು ವರ್ಷ ಹೋದ ಹಾಗೆಯೇ.

ಆದರೂ ನಾನು ದಿನಾ ಬರುತ್ತಿದ್ದೆ. ಮನೆಯಲ್ಲಿ ಕೂತರೆ ಫೈಲಿನ ಮೇಲೆ ಇನ್ನೊಂದು ಫೈಲು ಕೂರುತ್ತದೆ ಅನ್ನುವ ಭಯ. ಹೊರರೋಗಿಗಳ ವಿಭಾಗದ ಬೆಂಚಿಗೆ ಪಾಸು ಬೇಕಿರಲಿಲ್ಲ. ಅಲ್ಲಿ ಕೂತು ಬಂದುಹೋಗುವವರನ್ನು ನೋಡುವುದು, ಮಧ್ಯಾಹ್ನ ಗೇಟಿಗೆ ಹೋಗಿ ಜಯಮ್ಮನ ಹತ್ತಿರ ಇಲ್ಲ ಅನ್ನಿಸಿಕೊಂಡು ಬರುವುದು. “ಕಾರ್ಡ್ ಇಲ್ದೇ ಬುಡಕ್ಕಾಗಲ್ಲ ಕಣ್ರೀ, ನನ್ ಹೊಟ್ಟೆ ಮ್ಯಾಲ್ ಹೊಡೀಬೇಡಿ,” ಅನ್ನುತ್ತಿದ್ದಳು.

ರತ್ನ ಕಣ್ಣಿಗೆ ಬಿದ್ದದ್ದು ಆ ಬೆಂಚಿನಲ್ಲೇ. ತುಂಬು ಗರ್ಭಿಣಿ, ಕಾಲು ಊದಿಕೊಂಡಿತ್ತು. ಪಕ್ಕದಲ್ಲಿ ಅತ್ತೆ ಪುಟ್ಟತಾಯಮ್ಮ, ಎಲೆ ಅಡಿಕೆ ಜಗಿಯುತ್ತ ಸೊಸೆಯ ಸೆರಗು ಸರಿಮಾಡುತ್ತಿದ್ದರು. ಮಾತಿಗೆ ಬದಲು ಆಕೆ ಸೊಸೆಯ ಭುಜ ತಟ್ಟುವುದು, ಬಾಯಿಗೆ ಕೈ ತೋರಿಸುವುದು ಕಂಡು ನನಗೆ ಗೊತ್ತಾಯಿತು. ಎದುರು ಬೆಂಚಿನಿಂದಲೇ ಕೈಯಾಡಿಸಿ, ನಿನ್ನ ಹೆಸರೇನು ಅಂತ ಕೇಳಿದೆ. ಅಯ್ಯೋ, ಆ ಮುಖ ನೋಡಬೇಕಿತ್ತು! ಇಬ್ಬರ ಕೈಯೂ ನಿಲ್ಲಲೇ ಇಲ್ಲ. ಸಣ್ಣವಳಿದ್ದಾಗ ಕಿವುಡು ಮಕ್ಕಳ ಹಾಸ್ಟೆಲಿನಲ್ಲಿ ಸನ್ನೆ ಭಾಷೆ ಕಲಿತಳಂತೆ. ಓದು ಮುಂದುವರಿಯಲಿಲ್ಲ. ಮದುವೆಯಾಗಿ ನಂಜನಗೂಡು ಕಡೆಯ ಹಳ್ಳಿಗೆ ಬಂದ ಮೇಲೆ ಸನ್ನೆ ಬಲ್ಲ ಒಬ್ಬರನ್ನೂ ಕಂಡಿಲ್ಲ. ಗಂಡ ಒಳ್ಳೆಯವನು, ಆದರೆ ಅವನಿಗೆ ಬರುವುದು ಊಟ, ನಿದ್ದೆ, ಬಾ, ಹೋಗು ಅಷ್ಟೇ.

“ಇದು ಎಷ್ಟನೆಯ ಮಗು?” ಅಂತ ಕೇಳಿದೆ.

“ಎರಡನೆಯದು.”

“ಮೊದಲನೆಯದು?”

ಅವಳ ಕೈ ಅಲ್ಲೇ ನಿಂತಿತು. ಅಷ್ಟರಲ್ಲಿ ಒಳಗಿನಿಂದ ಹೆಸರು ಕೂಗಿದರು, ಪುಟ್ಟತಾಯಮ್ಮ ಅವಳನ್ನು ಎಬ್ಬಿಸಿಕೊಂಡು ಹೋದರು. ಹೋಗುವಾಗ ತಿರುತಿರುಗಿ ನನ್ನನ್ನೇ ನೋಡಿದಳು. ಪುಟ್ಟತಾಯಮ್ಮ ಹೊರಗೆ ಬಂದಾಗ, “ನೀ ಯಾರವ್ವ, ಕೈಯಾಗೇ ಎಲ್ಲ ಮಾತಾಡ್ತೀಯಲ್ಲ!” ಅಂತ ನನ್ನ ಕೆನ್ನೆ ಸವರಿ ಬೆರಳು ನೆಟಿಕೆ ಮುರಿದರು. ದಿನಾ ಇಲ್ಲೇ ಇರುತ್ತೇನೆ, ಏನಾದರೂ ಬೇಕಾದರೆ ಕೂಗಿ ಅಂದೆ.

ಕೂಗಿದ್ದು ಆಷಾಢ ಶುಕ್ರವಾರದ ದಿನ. ಬೆಳಿಗ್ಗೆಯಿಂದ ತುಂತುರು, ಗಾಳಿ. ಊರಿಗೆ ಊರೇ ಚಾಮುಂಡಿ ಬೆಟ್ಟದ ಕಡೆ ಹೊರಟಿತ್ತು. ಕಚೇರಿಯಲ್ಲಿ ಅರ್ಧ ಕುರ್ಚಿ ಖಾಲಿ. ನಾನು ಬೆಂಚಿನಲ್ಲಿ ಕೂತಿದ್ದಾಗ ಪುಟ್ಟತಾಯಮ್ಮ ಬರಿಗಾಲಲ್ಲಿ ಓಡಿಬಂದರು. “ಬಾರವ್ವ, ಬ್ಯಾಗ ಬಾ! ನಮ್ ರತ್ನಿ ಯಾರ್ನೂ ಅತ್ರ ಬುಡಸ್ತಿಲ್ಲ. ಬಿಪಿ ಏರ್‌ಬುಟ್ಟದಂತೆ. ಈಗ್ಲೇ ಆಪ್ರೇಸನ್ ಮಾಡ್ಬೇಕು, ಪಿಟ್ಸ್ ಬಂದ್ರೆ ತಾಯಿ ಕೂಸು ಇಬ್ರೂ ಉಳಿಯಕಿಲ್ಲ ಅಂತಾವ್ರೆ. ಇವ್ಳು ನರ್ಸಮ್ಮನ್ ಕೈ ಕಚ್ಬುಟ್ಟವ್ಳೆ. ತಲೆ ಕೆಟ್ಟದೆ, ತಲೆ ಡಾಕ್ಟ್ರುನ್ನ ಕರೀರಿ ಅಂತಾವ್ರೆ!”

ನಾನು ಮೊದಲು ಓಡಿದ್ದು ಕಚೇರಿಗೆ. ನಂಜುಂಡಸ್ವಾಮಿಯವರ ಕುರ್ಚಿಯ ಬೆನ್ನಿಗೆ ಟವೆಲ್ಲು ಮಾತ್ರ ಇತ್ತು. ಬೆಟ್ಟಕ್ಕೆ ಹೋಗಿದ್ದಾರೆ, ಪ್ರಸಾದ ಹಂಚುವ ಸೇವೆಯಂತೆ. ಅಲ್ಲಿ ಅವರೂ ಸ್ವಯಂಸೇವಕರೇ! ಫೋನು ಮಾಡಿದರೆ ಗದ್ದಲದಲ್ಲಿ ಎತ್ತಲಿಲ್ಲ. ಪ್ರಭಾರದ ಡಾಕ್ಟರು ಆಪರೇಷನ್ ಕೋಣೆಯಲ್ಲಿ, ಅವರು ಯಾವಾಗ ಹೊರಬರುತ್ತಾರೋ ಯಾರಿಗೂ ಗೊತ್ತಿಲ್ಲ. ಪಕ್ಕದ ಕುರ್ಚಿಯ ಗುಮಾಸ್ತರು, “ನಂಗೇನೂ ಗೊತ್ತಿಲ್ಲ ಕಣಮ್ಮ, ಆ ಸೆಕ್ಷನ್ ನಂದಲ್ಲ,” ಅಂದರು.

ಗೇಟಿಗೆ ಬಂದೆ. ವಿಡಿಯೋ ಕಾಲ್ ಆದರೂ ಮಾಡಿಸಿ, ನಾನು ಇಲ್ಲಿಂದಲೇ ಮಾತಾಡುತ್ತೇನೆ ಅಂದೆ. ವಾರ್ಡಿನೊಳಗೆ ಫೋನು ಇಲ್ಲ ಅಂದಳು ಜಯಮ್ಮ. ಹೆಗ್ಗಣದ ಪುಣ್ಯ. ಒಬ್ಬ ರೋಗಿಗೆ ಒಂದೇ ಪಾಸು, ಒಬ್ಬರೇ ಹೆಂಗಸು. ಆ ಹಳದಿ ಪಾಸು ಪುಟ್ಟತಾಯಮ್ಮನ ಕೊರಳಲ್ಲಿತ್ತು. ಮುದುಕಿ ಅದನ್ನು ಕಿತ್ತು ನನ್ನ ಕೊರಳಿಗೆ ಹಾಕಿಬಿಟ್ಟರು.

ಸುಳ್ಳು ಹೇಳುವುದಿಲ್ಲ, ಆಗ ನನಗೆ ರತ್ನ ಒಬ್ಬಳೇ ನೆನಪಾಗಲಿಲ್ಲ, ನನ್ನ ಫೈಲೂ ನೆನಪಾಯಿತು. ಮಿಷಿನ್ನು ತುಳಿದು ತುಳಿದು ಮೊಣಕಾಲು ಸವೆಸಿಕೊಂಡ ಅಪ್ಪನೂ ನೆನಪಾದ.

“ಪೇಷಂಟ್‌ಗೆ ಏನಾಗ್ಬೇಕು?” ಅಂತ ಕೇಳಿದಳು ಜಯಮ್ಮ. ನಾನು ಯಾರು ಅಂತ ಅವಳಿಗೆ ಚೆನ್ನಾಗಿ ಗೊತ್ತಿತ್ತು.

“ಅಕ್ಕ,” ಅಂದೆ.

“ಊಂ ಕಣವ್ವ, ಒಡಹುಟ್ಟಿದೋಳು,” ಅಂದರು ಹಿಂದಿನಿಂದ ಪುಟ್ಟತಾಯಮ್ಮ.

ಜಯಮ್ಮ ನನ್ನ ಮುಖವನ್ನೇ ನೋಡಿದಳು. ಆಮೇಲೆ ಆ ಕಡೆ ತಿರುಗಿ, ಚಪ್ಪಲಿ ಬಿಡುವ ಜಾಗದಲ್ಲಿ ನಿಂತಿದ್ದ ಯಾರನ್ನೋ ಗದರಿಸತೊಡಗಿದಳು. ನಾನು ಒಳಗೆ ನುಗ್ಗಿದೆ.

ರತ್ನಳ ಮಂಚ ಕಿಟಕಿಯ ಪಕ್ಕದಲ್ಲಿತ್ತು. ಡ್ರಿಪ್ಪು ಕಿತ್ತುಹಾಕುತ್ತಾಳೆಂದು ಅವಳ ಎರಡೂ ಕೈಗಳನ್ನು ಬ್ಯಾಂಡೇಜು ಬಟ್ಟೆಯಿಂದ ಮಂಚಕ್ಕೆ ಕಟ್ಟಿದ್ದರು. ಗಂಟಲಿನಿಂದ ಒಂದೇ ಸಮ ಅರಚುತ್ತಿದ್ದಳು. ನನಗೆ ಮೈಯೆಲ್ಲ ಉರಿದುಹೋಯಿತು. “ಕೈ ಬಿಚ್ಚಿ ಮೇಡಂ! ನೀವು ಕಟ್ಟಿರೋದು ಅವಳ ಬಾಯಿ!” ಅಂತ ಕೂಗಿದೆ.

ಡಾಕ್ಟರು ನನ್ನದೇ ವಯಸ್ಸಿನ ಹುಡುಗಿ, ಹಿಂದಿನ ದಿನದಿಂದ ನಿದ್ದೆ ಮಾಡಿಲ್ಲದ ಕಣ್ಣು. “ಯಾರ್ರೀ ನೀವು?” ಅಂದರು. ಅಕ್ಕ ಅಂದೆ, ಸನ್ನೆ ಬರುತ್ತೆ ಅಂದೆ. “ಬೇಗ ಮಾತಾಡಿ. ನಂಗೆ ಟೈಮಿಲ್ಲ. ಒಪ್ಪಿಸಿ, ಇಲ್ಲಾ ಅಂದ್ರೆ ಹೀಗೇ ಹಿಡ್ಕೊಂಡು ಒಯ್ಬೇಕಾಗುತ್ತೆ,” ಅಂತ ತಾವೇ ಗಂಟು ಬಿಚ್ಚಿದರು.

ಕೈ ಬಿಟ್ಟದ್ದೇ ತಡ ರತ್ನ ಹೊಟ್ಟೆಯನ್ನು ಅಪ್ಪಿ ಹಿಡಿದುಕೊಂಡಳು. ನಾನು ಅವಳ ಮುಂದೆ ಕೂತು ನಿಧಾನವಾಗಿ ಹೇಳಿದೆ: ರಕ್ತದೊತ್ತಡ ಏರಿದೆ, ಈಗಲೇ ಮಗುವನ್ನು ಹೊರಗೆ ತೆಗೆಯಬೇಕು, ಇಲ್ಲದಿದ್ದರೆ ನಿನಗೂ ಮಗುವಿಗೂ ಅಪಾಯ. ಅವಳು ನನ್ನ ಕೈಗಳನ್ನೇ ನೋಡಿದಳು. ಆಮೇಲೆ ಹೊಟ್ಟೆಯ ಮೇಲಿನಿಂದ ಒಂದು ಕೈ ತೆಗೆದು ಕೇಳಿದಳು.

“ಈ ಮಗುವನ್ನು ಯಾರಿಗೆ ಕೊಡುತ್ತಾರೆ?”

ನನಗೆ ಅರ್ಥವಾಗಲಿಲ್ಲ. ಯಾರಿಗೂ ಇಲ್ಲ, ನಿನ್ನ ಮಗು ನಿನಗೇ ಅಂದೆ. ಅವಳು ಜೋರಾಗಿ ತಲೆಯಾಡಿಸಿದಳು. “ಮೊದಲನೆಯದನ್ನು ನಾದಿನಿಗೆ ಕೊಟ್ಟರು. ನಾನು ಎಚ್ಚರಾಗುವಷ್ಟರಲ್ಲಿ ಒಯ್ದಿದ್ದರು. ಮನೆಗೆ ಹೋದರೆ ಎಲ್ಲರೂ ಅಳುತ್ತಿದ್ದರು. ನಾದಿನಿಗೂ ಆಗಷ್ಟೇ ಹೆರಿಗೆಯಾಗಿತ್ತು. ಅವಳ ಮಗು ಸತ್ತಿದೆ, ಅದಕ್ಕೇ ನನ್ನದನ್ನು ಅವಳ ಮಡಿಲಿಗೆ ಹಾಕಿದ್ದಾರೆ ಅಂತ ಗೊತ್ತಾಯಿತು. ನಾನು ಸುಮ್ಮನಿದ್ದೆ. ದಿನಾ ಅವನನ್ನು ನೋಡುತ್ತೇನೆ. ಇದನ್ನು ಮಾತ್ರ ಕೊಡುವುದಿಲ್ಲ.”

ನಿಜ ಏನು ಅಂತ ನನಗೂ ಗೊತ್ತಿರಲಿಲ್ಲ. ಗೊತ್ತಿದ್ದ ಮುದುಕಿ ಹೊರಗಿದ್ದರು, ಅವರ ಪಾಸು ನನ್ನ ಕೊರಳಲ್ಲಿತ್ತು. ಡಾಕ್ಟರು ಗಡಿಯಾರ ನೋಡಿದರು. ನಾನು ಎದ್ದು ಕಿಟಕಿಯ ಬಾಗಿಲು ದಬ್ಬಿದೆ. ಎದುರಿಗೆ ಅಂಗಳ, ಹೊಂಗೆ ಮರ, ಮಳೆಯಲ್ಲಿ ಮುದುರಿ ಕೂತ ನೂರಾರು ಜನ.

“ಪುಟ್ಟತಾಯಮ್ಮೋ!” ಅಂತ ಕಿರುಚಿದೆ. ಆಕೆ ಎದ್ದು ಕಿಟಕಿಯ ಹತ್ತಿರಕ್ಕೆ ಓಡಿಬಂದರು. “ಇವಳ ಮೊದಲನೇ ಮಗು ಏನಾಯ್ತು?”

ಅಂಗಳವೆಲ್ಲ ನಮ್ಮ ಕಡೆ ತಿರುಗಿತು.

“ತೀರೋಯ್ತಲ್ಲವ್ವ! ಹುಟ್ಟಿ ಎಲ್ಡು ದಿನಕ್ಕೆ, ಗಾಜಿನ್ ಪೆಟ್ಗೇಲಿ...”

“ಇವಳಿಗೆ ಹೇಳ್ಲಿಲ್ವಾ?”

“ಏಳಿದ್ವಲ್ಲ! ಕೈ ಮಾಡಿ ಏಳಿದ್ವಿ, ಅವ್ಳೂ ತಲೆ ಆಡ್ಸಿದ್ಲು. ಹಸಿ ಬಾಣಂತಿ, ಸತ್ ಕೂಸ್ನ ತೋರ್ಸಿದ್ರೆ ಎದೆ ಒಡ್ಕೊಂಡಾಳು ಅಂತ ತೋರಿಸ್ದಂಗೇ ಮಣ್ ಮಾಡ್ಬುಟ್ವಿ. ಯಾಕವ್ವ, ಏನಂತಾಳೆ?”

“ನಾದಿನಿಗೆ ಕೊಟ್ಬುಟ್ರಿ ಅಂತಾಳೆ!”

ಪುಟ್ಟತಾಯಮ್ಮ ಬಾಯಿಗೆ ಸೆರಗು ಒತ್ತಿಕೊಂಡರು. ನಿಂತಲ್ಲೇ ಕುಸಿದು, ಹಣೆ ಹಣೆ ಚಚ್ಚಿಕೊಂಡು ಅಳಲು ಶುರುಮಾಡಿದರು. ರತ್ನ ಎದ್ದು ಕೂತು ಕಿಟಕಿಯ ಕಂಬಿಗಳ ನಡುವಿನಿಂದ ಎಲ್ಲವನ್ನೂ ನೋಡುತ್ತಿದ್ದಳು. ನನ್ನ ಕೈ ಹೇಳುವುದಕ್ಕೆ ಮುಂಚೆಯೇ ಅತ್ತೆಯ ಮುಖ ಹೇಳಿಬಿಟ್ಟಿತ್ತು. ಆದರೂ ನಾನು ಹೇಳಿದೆ. ನಿನ್ನ ಮಗು ಸತ್ತುಹೋಯಿತು. ಯಾರಿಗೂ ಕೊಡಲಿಲ್ಲ, ನಾದಿನಿಯ ಮಡಿಲಲ್ಲಿರುವುದು ಅವಳದೇ ಮಗು. ಸತ್ತುಹೋಯಿತು. ಅಷ್ಟು ಕಷ್ಟದ ಮಾತನ್ನು ಅದಕ್ಕೆ ಮುಂಚೆಯಾಗಲಿ ಆಮೇಲಾಗಲಿ ನಾನು ಯಾರಿಗೂ ಹೇಳಿಲ್ಲ.

ಅವಳು ಅಳಲಿಲ್ಲ. “ಗಂಡೋ ಹೆಣ್ಣೋ?” ಅಂತ ಕೇಳಿದಳು. ಇಷ್ಟು ದಿನ ಗಂಡು ಅಂತಲೇ ತಿಳಿದಿದ್ದಳಲ್ಲ. ನಾನು ಕಿಟಕಿಯಲ್ಲಿ ಕೂಗಿದೆ.

“ಎಣ್ಣು ಕಣವ್ವಾ! ಗದ್ದದಲ್ಲಿ ಗುಳಿ ಇತ್ತು, ಅವ್ರಪ್ಪಂಗೆ ಇದ್ದಂಗೇ!”

ಅದನ್ನೂ ದಾಟಿಸಿದೆ. ಆಗ ಅತ್ತಳು. ಡಾಕ್ಟರು ಕಣ್ಣೊರೆಸಿಕೊಂಡು ಆ ಕಡೆ ತಿರುಗಿದರು. ಸ್ವಲ್ಪ ಹೊತ್ತಿಗೆ ರತ್ನ ತಾನಾಗಿಯೇ ಮಲಗಿ ಕೈ ಚಾಚಿದಳು, ಡ್ರಿಪ್ಪು ಹಾಕಿ ಅಂತ. ಒಪ್ಪಿಗೆಗೆ ಅವಳದೇ ಸಹಿ, ವಕ್ರವಕ್ರವಾಗಿ. ಆಪರೇಷನ್ ಕೋಣೆಯ ಬಾಗಿಲವರೆಗೂ ನಾನು ಎದುರಿಗೆ ಹಿಮ್ಮುಖವಾಗಿ ನಡೆದೆ, ಅವಳಿಗೆ ನನ್ನ ಕೈ ಕಾಣುತ್ತಿರಲಿ ಅಂತ. ಗಂಡುಮಗು ಹುಟ್ಟಿತು. ನರ್ಸು ಒರೆಸುವ ಮುಂಚೆಯೇ ತಂದು ಅವಳಿಗೆ ತೋರಿಸಿದರಂತೆ. ಅವಳು ಕಚ್ಚಿದ್ದು ಅದೇ ನರ್ಸಿನ ಕೈಯನ್ನು.

ಸೋಮವಾರ ನಂಜುಂಡಸ್ವಾಮಿಯವರ ಮುಂದೆ ನಿಂತೆ. ಮೊದಲು ಲಾಡು ಪ್ರಸಾದ ಕೊಟ್ಟರು. ಆಮೇಲೆ ಸುಳ್ಳು ಸಂಬಂಧ ಹೇಳಿ ಒಳಗೆ ಹೋದದ್ದಕ್ಕೆ ಫೈಲು ಮುಚ್ಚಿರುವ ಕಾಗದ ಕೊಟ್ಟರು.

“ನನಗೂ ಹೆಣ್ ಮಕ್ಳವ್ರೆ ಕಣಮ್ಮ,” ಅಂದರು ತಲೆ ತಗ್ಗಿಸಿ. “ನೀವು ಮಾಡಿದ್ದು ಪುಣ್ಯದ ಕೆಲ್ಸ. ಆದ್ರೆ ಕಿಟಕೀಲಿ ಕೂಗಬಾರ್ದಾಗಿತ್ತು. ಊರೆಲ್ಲ ಕೇಳಿಸ್ಕೊಂಬುಡ್ತು. ಮೆತ್ತಗೆ ಮಾಡಿದ್ರೆ ನಾನೂ ಗೊತ್ತಿಲ್ಲ ಅಂತಿದ್ದೆ.”

“ಮೆತ್ತಗೆ ಮಾಡಿದ್ರೆ ಆ ಮುದುಕಿಗೆ ಕೇಳಿಸ್ತಿತ್ತಾ ಸಾರ್?” ಅಂದೆ. ಆ ವರ್ಷ ನನ್ನ ಡಿಗ್ರಿ ನಿಂತಿತು. ಅಮ್ಮ ಬೈದಳು, ಈ ಸಲ ನಾನು ಕಣ್ಣು ಮುಚ್ಚಿಕೊಳ್ಳಲಿಲ್ಲ. ಮರುವರ್ಷ ಬೇರೆ ಕಡೆ ಇಂಟರ್ನ್‌ಶಿಪ್ ಮುಗಿಸಿದೆ. ಶ್ರಾವಣದಲ್ಲಿ ಕುರ್ಚಿಗೆ ಬಂದ ಹೊಸ ಸಾಹೇಬರು, ಸನ್ನೆ ಭಾಷೆಯವರ ಹುದ್ದೆ ಮಂಜೂರಾಗಬೇಕು, ಬೆಂಗಳೂರಿಗೆ ಬರೆಯುತ್ತೇನೆ ಅಂದರಂತೆ. ಆ ಫೈಲು ಇನ್ನೂ ಅಲ್ಲೇ ಎಲ್ಲೋ ಇದೆ. ಈಗ ನನಗೆ ಬೇರೆ ಕೆಲಸವಿದೆ, ಆದರೂ ಕಿವಿ ಕೇಳದ ಹೆಂಗಸು ದಾಖಲಾದರೆ ಯಾರಾದರೂ ನನಗೆ ಸುದ್ದಿ ಮುಟ್ಟಿಸುತ್ತಾರೆ. ಕೆಲವು ಸಲ ಆ ಸಂದೇಶ ಬರುವುದು ಅವತ್ತು ಗಂಟು ಬಿಚ್ಚಿದ ಡಾಕ್ಟರಿಂದಲೇ. ನಾನು ರಜೆ ಹಾಕಿ, ಹಳದಿ ಪಾಸು ಹಾಕಿಕೊಂಡು ಅಕ್ಕನಾಗಿ ಹೋಗುತ್ತೇನೆ.

ಆ ಶ್ರಾವಣದ ಕೊನೆಗೆ ರತ್ನ ಮಗುವನ್ನೆತ್ತಿಕೊಂಡು ಅಪ್ಪನ ಅಂಗಡಿಗೆ ಬಂದಳು, ಜೊತೆಗೆ ಪುಟ್ಟತಾಯಮ್ಮ. ಆಸ್ಪತ್ರೆಯಿಂದ ಮನೆಗೆ ಹೋದ ಮೇಲೆ ಅವಳು ಮೊದಲು ಕೇಳಿದ್ದು ಮಣ್ಣು ಮಾಡಿದ ಜಾಗವನ್ನಂತೆ. ಊರಾಚೆ ತಂಗಡಿ ಗಿಡದ ಬುಡ. ಬಾಣಂತಿ ಹೊರಗೆ ಹೋಗಬಾರದು ಅಂತ ಯಾರೋ ಅಂದದ್ದಕ್ಕೆ ಪುಟ್ಟತಾಯಮ್ಮ, “ಆವತ್ತು ತೋರಿಸ್ದೇ ಇದ್ದಿದ್ದೇ ಸಾಕು,” ಅಂತ ತಾವೇ ಕರೆದುಕೊಂಡು ಹೋಗಿದ್ದಾರೆ.

ನಮ್ಮಲ್ಲಿ ಪ್ರತಿಯೊಬ್ಬರಿಗೂ ಒಂದು ಸನ್ನೆ ಹೆಸರು ಇರುತ್ತದೆ, ಅವರ ಮುಖದಲ್ಲೋ ಮೈಯಲ್ಲೋ ಇರುವ ಗುರುತಿನ ಮೇಲೆ ಇಡುವುದು. ತೊಡೆಯ ಮೇಲಿನ ಮಗುವಿಗೆ ಏನು ಹೆಸರಿಟ್ಟೆ ಅಂತ ಅಂಗಡಿಯಲ್ಲಿದ್ದ ನನ್ನ ಅಮ್ಮ ಕೇಳಿದಳು. ಇವನಿಗೆ ಇನ್ನೂ ಇಟ್ಟಿಲ್ಲ, ಮೊದಲು ದೊಡ್ಡವಳಿಗೆ ಅಂದಳು ರತ್ನ. ತೋರುಬೆರಳನ್ನು ಗದ್ದದ ನಡುವೆ ಗುಳಿ ಬೀಳುವ ಹಾಗೆ ಒತ್ತಿ ತೋರಿಸಿದಳು.

ನಾನು ಪುಟ್ಟತಾಯಮ್ಮನ ಕಡೆ ತಿರುಗಿ ಅರ್ಥ ಹೇಳಲು ಬಾಯಿ ತೆಗೆದೆ. ಅವರು ಬೇಡ ಅಂತ ತಲೆಯಾಡಿಸಿದರು. ಸೊಸೆಯನ್ನೇ ನೋಡುತ್ತ, ಅಡಿಕೆಯ ಕರೆ ಹತ್ತಿದ ಬೆರಳನ್ನು ಎತ್ತಿ, ತಮ್ಮ ಗದ್ದದ ನಡುವೆ ಒತ್ತಿಕೊಂಡರು.